ತೊಡೆಯಿಂದ ತೆಗೆದ ಚೂರು

ಕಾಮಸಮುದ್ರ,
14 ಅಕ್ಟೋಬರ್ 2025

ಲಿಖಿತಳ ಅಪ್ಪನಿಗೆ ಶಶಿರೇಖಳ ನಮಸ್ಕಾರಗಳು.

ಅಲ್ಲಿ ಹಿಮ ಬೀಳಲು ಶುರುವಾಯಿತೇ? ನಿಮ್ಮ ಕೆಮ್ಮು ಹೇಗಿದೆ? ಫೋನಿನಲ್ಲೇ ಹೇಳಬಹುದಿತ್ತು, ಆದರೆ ಗಡಿಯ ಕ್ಯಾಂಪಿನಲ್ಲಿ ನಿಮ್ಮ ಪಕ್ಕ ಯಾರಾದರೂ ಇದ್ದೇ ಇರುತ್ತಾರೆ. ಇದು ಹಾಗೆ ಹೇಳುವ ಮಾತಲ್ಲ. ಲಿಖಿತ ಕರುವಿನ ಬಾಲ ಹಿಡಿದು ನಡೆಯುತ್ತಾಳೆ. ಖಾಕಿ ಹಾಕಿದವರನ್ನೆಲ್ಲ, ಪೋಸ್ಟ್‌ಮ್ಯಾನನ್ನೂ ಸೇರಿಸಿ, ಅಪ್ಪಾ ಎನ್ನುತ್ತಾಳೆ.

ಅವಳನ್ನು ಹೆರುವಾಗ ನನ್ನ ಮಲದ್ವಾರದ ಸುತ್ತಲಿನ ಸ್ನಾಯು ಹರಿದಿತ್ತು. ಹೊಲಿಗೆ ಹಾಕಿದರೂ ಕೂಡಿಕೊಳ್ಳಲಿಲ್ಲ. ಅಂದಿನಿಂದ ನನಗೆ ಮಲ ತಡೆಯಲಾಗುತ್ತಿಲ್ಲ. ಡೈರಿಗೆ ಹಾಲು ಒಯ್ಯುವುದನ್ನು ಬಿಟ್ಟಿದ್ದು, ತವರಿಗೆ ಹೋಗದೆ ಉಳಿದದ್ದು, ಯುಗಾದಿ ರಜೆಗೆ ನೀವು ಬಂದಾಗ ಬಚ್ಚಲ ಪಕ್ಕ ಚಾಪೆ ಹಾಕಿಕೊಂಡದ್ದು, ಎಲ್ಲ ಇದಕ್ಕೇ. "ನಾನು ಬ್ಯಾಡಾಂದ್ರೆ ಏಳ್ಬುಡು, ಬರಾದೇ ಬುಡ್ತೀನಿ" ಎಂದು ನೀವು ರಜೆ ಮುಗಿಯುವ ಮುಂಚೆಯೇ ಹೊರಟಿರಿ.

ಕಳೆದ ತಿಂಗಳು ಬೇತಮಂಗಲದ ಮದುವೆಗೆ ಹೋಗಲೇಬೇಕಾಯಿತು. ಬಸ್ಸಿನಲ್ಲಿ, ಅಷ್ಟು ಜನರ ನಡುವೆ, ಆಗಿಹೋಯಿತು. ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ಮುಯ್ಯಿಗೆಂದು ಒಯ್ಯುತ್ತಿದ್ದ ಹೊಸ ಸೀರೆಯನ್ನೇ ಅತ್ತೆ ನನಗೆ ಸುತ್ತಿ, ಬಸ್ಸು ನಿಲ್ಲಿಸಿ ಇಳಿಸಿದರು. ಯಾರದೋ ತೋಟದ ನೀರಿನ ತೊಟ್ಟಿಯ ಹತ್ತಿರ ನನ್ನನ್ನು ತೊಳೆದರು. "ನಾಕು ಮಕ್ಳ ಎತ್ತೋಳು ನಾನು, ನನ್ ತಾವ ಏಳಕ್ಕೇನು ನಾಚ್ಕೆ ನಿಂಗೆ?" ಎಂದು ಬೈಯುತ್ತಲೇ ಅತ್ತರು. ಅಲ್ಲಿಂದ ಕೆರೆ ಕಾಣುತ್ತಿತ್ತು. ಹೋಗಿ ಬಿದ್ದುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಅತ್ತೆಯೇ ಬಂಗಾರಪೇಟೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಕರೆದೊಯ್ದರು. ಅಲ್ಲಿನ ಆಸ್ಪತ್ರೆಯ ಡಾಕ್ಟರ್ ಕಲ್ಪನ ಒಂದು ಪ್ರಯೋಗ ನಡೆಸುತ್ತಿದ್ದಾರೆ. ತೊಡೆಯ ಸ್ನಾಯುವಿನ ಚೂರು ತೆಗೆದು, ಅದರೊಳಗಿನ ಕಾಂಡಕೋಶ ಎಂಬ, ಹೊಸದಾಗಿ ಬೆಳೆಯಬಲ್ಲ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಹರಿದ ಜಾಗಕ್ಕೆ ಚುಚ್ಚುತ್ತಾರೆ. ಅಲ್ಲಿ ಹೊಸ ಸ್ನಾಯು ಬೆಳೆಯಬಹುದಂತೆ. "ಗ್ಯಾರಂಟಿ ಕೊಡೋಕೆ ಆಗಲ್ಲಮ್ಮ, ಇದಿನ್ನೂ ಪರೀಕ್ಷೆಯಲ್ಲಿದೆ" ಎಂದರು. ಅವರ ಮಾತು ಮುಗಿಯುವ ಮುಂಚೆಯೇ ನಾನು ಹೂಂ ಎಂದಿದ್ದೆ. ಚೂರು ತೆಗೆದ ಗಾಯ ಮಾಗಿದೆ. ದೀಪಾವಳಿ ಕಳೆದ ಮೇಲೆ ಚುಚ್ಚುತ್ತಾರೆ. ಎದ್ದರೂ ಕೂತರೂ ಅದೇ ಧ್ಯಾನ ನನಗೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಕಿವಿಗೆ ಬೆಚ್ಚಗೆ ಕಟ್ಟಿಕೊಳ್ಳಬೇಕಂತೆ. ಲಿಖಿತಳ ಮುತ್ತುಗಳು.

ನಿಮ್ಮ
ಶಶಿರೇಖ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ನನ್ನ ಕೋಶಗಳು ಬೆಳೆಯಲಿಲ್ಲವಂತೆ. ಇನ್ನೊಂದು ಕಾಲಿನಿಂದ ತೆಗೆದು ಕೊನೆಯ ಸಲ ನೋಡುತ್ತಾರಂತೆ. ಕೊಡುತ್ತೇನೆ ಎಂದಿದ್ದೇನೆ. ಅದೂ ಬೆಳೆಯದಿದ್ದರೆ ಬದುಕೆಲ್ಲ ಹೀಗೇ. ಅತ್ತೆಗೆ ಹೇಳುವ ಧೈರ್ಯ ಬರುತ್ತಿಲ್ಲ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾರೆ. ಹೇಗಾದರೂ ರಜೆ ಕೇಳಿಕೊಂಡು ಬನ್ನಿ.