ಅಮ್ಮ ಹೇಳಿಕೊಂಡ ಆಟ

ಬಿಜೂರು
14-12-1998, ಸೋಮವಾರ

ಪ್ರೀತಿಯ ತಮ್ಮ ಶೀನನಿಗೆ ಅಕ್ಕ ಜಲಜಳ ಆಶೀರ್ವಾದ.

ಇವತ್ತು ಸೋಮವಾರ, ನನಗೆ ಒಪ್ಪತ್ತು. ಬಾವಿಕಟ್ಟೆ ತೊಳೆದು, ದನಕ್ಕೆ ಅಕ್ಕಚ್ಚು ಕೊಟ್ಟು, ತುಳಸಿಗೆ ನೀರು ಹಾಕಿ, ಅಮ್ಮನಿಗೆ ಗಂಜಿ ಬಡಿಸಿ ಈಗ ಜಗಲಿಯಲ್ಲಿ ಕೂತಿದ್ದೇನೆ. ಒಪ್ಪತ್ತಿನ ದಿನ ಅಡುಗೆಮನೆಯ ಗಲಾಟೆ ಕಡಿಮೆ, ಬರೆಯಲು ಪುರುಸೊತ್ತು ಸಿಗುತ್ತದೆ. ನಿನ್ನ ಬೆನ್ನು ನೋವು ಹೇಗಿದೆ? ದೋಸೆ ಕಾವಲಿಯ ಎದುರು ನಿಲ್ಲುವುದನ್ನು ಇನ್ನಾದರೂ ಕೆಲಸದವರಿಗೆ ಬಿಡು. ಮುಂಬಯಿಯವರು ನಿನ್ನ ಕೈಯಿಂದಲೇ ದೋಸೆ ತಿನ್ನಬೇಕೆಂದು ಹಟ ಹಿಡಿದಿಲ್ಲವಲ್ಲ. ವಿನಯಾಳ ಕೆಮ್ಮು ವಾಸಿಯಾಯಿತೇ? ಪ್ರೇಕ್ಷಾ ಚೆನ್ನಾಗಿ ಓದುತ್ತಾಳೆಂದು ಕೇಳಿ ಸಂತೋಷವಾಯಿತು. ಇಲ್ಲಿ ಅಮ್ಮನಿಗೆ ಮೊಣಕಾಲು ಬಿಟ್ಟರೆ ಬೇರೆ ಉಪದ್ರ ಇಲ್ಲ. ಕಿವಿ ಸ್ವಲ್ಪ ಮಂದ. ಆದರೆ ಹೇಳಬಾರದ್ದನ್ನು ಹೇಳಿದರೆ ಮಾತ್ರ ಎಷ್ಟು ಮೆಲ್ಲಗಾದರೂ ಕೇಳುತ್ತದೆ.

ನೀನು ಬರೆದು ಕಳಿಸಿದ ಆಟದ ಹೇಳಿಕೆ ಕಾಗದ, ಆಮಂತ್ರಣದ ಕರಡು, ಗುರುವಾರ ಸಿಕ್ಕಿತು. ಗುಲ್ವಾಡಿಯ ನಮ್ಮ ಅಪ್ಪಯ್ಯನ ಮನೆ ಎದುರಿನ ಗದ್ದೆಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಮೇಳದವರ ಹರಕೆ ಯಕ್ಷಗಾನದ ಆಟ ಎಂಬುದು ಊರಿಗೆಲ್ಲ ಆಗಲೇ ಗೊತ್ತಾಗಿದೆ. ಅಮ್ಮ ಮೇಳದಲ್ಲಿ ಹೆಸರು ಬರೆಸಿದ್ದು ನಿನ್ನ ಹೋಟೆಲ್ ಶುರುವಾದ ವರ್ಷ. ಅಷ್ಟೊಂದು ಹರಕೆಗಳ ನಡುವೆ ನಮ್ಮ ಸರದಿ ಬರುವಷ್ಟರಲ್ಲಿ ಬರೆಸುವಾಗ ಜೊತೆಗೆ ಹೋಗಿದ್ದ ನಿನ್ನ ಭಾವನೇ ಇಲ್ಲವಾದರು. ಇರಲಿ. ನೀನು ಕಾಗದದಲ್ಲಿ “ನಮ್ಮ ಹೋಟೆಲಿನ ಏಳಿಗೆಗಾಗಿ ಹೇಳಿಕೊಂಡ ಸೇವೆ ಆಟ” ಎಂದು ಬರೆದಿದ್ದೆ. ಅದನ್ನೇ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿ, “ಅದ್ ಶೀನಂದಲ್ಲ. ಅದ್ ನಿಂದ್” ಎಂದಳು. ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದಾಗ ಎಲ್ಲವನ್ನೂ ಬಿಡಿಸಿ ಹೇಳಿದಳು. ಅದನ್ನು ನಿನಗೆ ತಿಳಿಸಬೇಕೆಂದೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಪಕ್ಕದ ಮನೆಯವರ ಫೋನು, ಅವರ ನಡುಮನೆ, ನಾನು ಮಾತಾಡುವಾಗ ಅವರೆಲ್ಲ ಸುಮ್ಮನೆ ಕೂತು ಕೇಳುತ್ತಾರೆ.

ನಿನಗೆ ಇದು ನೆನಪಿರುವ ಪ್ರಾಯವಲ್ಲ, ನೀನಾಗ ಅಮ್ಮನ ಸೊಂಟದ ಮೇಲಿದ್ದೆ. ಅಪ್ಪಯ್ಯ ಜ್ವರದಲ್ಲಿ ಹೋದ ಮೇಲೆ ನಾನು ಶಾಲೆಯಲ್ಲಿ ಮಾತು ಬಿಟ್ಟೆ. ಯಾಕೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಹಟವಲ್ಲ, ಹೆದರಿಕೆಯೂ ಅಲ್ಲ. ಮಾತು ಗಂಟಲಿನವರೆಗೆ ಬರುತ್ತಿತ್ತು, ಅಲ್ಲೇ ಕೂತುಬಿಡುತ್ತಿತ್ತು. ಮನೆಯಲ್ಲಿ ಅಮ್ಮನ ಹತ್ತಿರ ಅನ್ನ, ನೀರು ಎನ್ನುವಷ್ಟು ಆಡುತ್ತಿದ್ದೆ. ಹೊಳೆಬದಿಯ ಆ ಹುಲ್ಲುಮಾಡಿನ ಶಾಲೆಯ ಮೆಟ್ಟಿಲು ಹತ್ತಿದರೆ ಅದೂ ಇಲ್ಲ. ಲೆಕ್ಕ ಮಾಡುತ್ತಿದ್ದೆ, ಕಾಪಿ ಬರೆಯುತ್ತಿದ್ದೆ, ಹಾಜರಿ ಕರೆದರೆ ಕೈ ಎತ್ತುತ್ತಿದ್ದೆ. ಮಕ್ಕಳು ಮೂಗಿ ಎಂದು ಹೆಸರಿಟ್ಟರು. ಎಷ್ಟು ಅಭ್ಯಾಸವಾಯಿತೆಂದರೆ ಹಾಗೆ ಕರೆದರೆ ನಾನೇ ತಿರುಗಿ ನೋಡುತ್ತಿದ್ದೆ. ಮಾಷ್ಟ್ರು ಒಳ್ಳೆಯವರು, ಹೊಡೆಯಲಿಲ್ಲ. ಆದರೆ ಒಂದು ದಿನ ಅಮ್ಮನನ್ನು ಕರೆಸಿ, ಮಾತಾಡದ ಮಗುವನ್ನು ಮುಂದಿನ ಕ್ಲಾಸಿಗೆ ಹೇಗೆ ಹಾಕುವುದು, ಪದ್ಯ ಯಾರು ಹೇಳುತ್ತಾರೆ, ಬೇಕಾದರೆ ಮನೆಯಲ್ಲಿಟ್ಟುಕೊಳ್ಳಿ ಎಂದರಂತೆ. ಅವತ್ತು ಅಮ್ಮ ಶಾಲೆಯಿಂದ ಮನೆಗೆ ಬರದೆ ನೇರ ದೇವಸ್ಥಾನಕ್ಕೆ ಹೋಗಿ, ಮಗಳಿಗೆ ಬಾಯಿ ಬಂದರೆ ಒಂದು ಆಟ ಆಡಿಸುತ್ತೇನೆಂದು ಹೇಳಿಕೊಂಡಳಂತೆ. ಮನೆಯಲ್ಲಿ ದೀಪಕ್ಕೆ ಎಣ್ಣೆ ಇಲ್ಲದ ಕಾಲ, ನೋಡು ಅವಳ ಧೈರ್ಯ.

ಆಮೇಲೆ ನಡೆದದ್ದು ನನಗೆ ನೆನಪಿದೆ, ಆದರೆ ಅದಕ್ಕೂ ಹರಕೆಗೂ ಸಂಬಂಧವಿದೆಯೆಂದು ಮೊನ್ನೆಯವರೆಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಕ್ಕಳು ಗೇರುಮರದ ಕೆಳಗೆ ಆಟ ಆಡುತ್ತಿದ್ದರು. ಅಡಿಕೆ ಹಾಳೆಯ ಕಿರೀಟ, ತೆಂಗಿನ ಕೊತ್ತಳಿಗೆಯ ಗದೆ, ಡಬ್ಬದ ಚೆಂಡೆ. ನನಗೆ ಯಾವಾಗಲೂ ಒಂದೇ ಕೆಲಸ, ವೇಷ ಬರುವಾಗ ತೆರೆಯ ತುದಿ ಹಿಡಿಯುವುದು. ಮಾತಿಲ್ಲದವಳಿಗೆ ಮತ್ತೇನು ಕೊಡುತ್ತಾರೆ? ಅವತ್ತು ಚಂದು ಕೌರವ. ಈಗ ಕುಂದಾಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನಲ್ಲ, ಅವನೇ. ಭೀಮ ಬಂದು ಸವಾಲು ಹಾಕಿದ, ಚಂದುವಿಗೆ ಮಾತು ಮರೆತುಹೋಯಿತು. ಬಾಯಿ ತೆರೆದುಕೊಂಡು ನಿಂತ. ಅಪ್ಪಯ್ಯ ಇದ್ದಾಗ ಅವರ ಕಂಬಳಿಯೊಳಗೆ ಕೂತು ನಾನು ನೋಡದ ಆಟವಿಲ್ಲ, ಕೌರವನ ಮಾತು ನನಗೆ ನೀರು ಕುಡಿದ ಹಾಗೆ. ಇವನು ಹೀಗೆ ನಿಂತರೆ ಕೌರವನ ಮಾನ ಏನಾಗಬೇಕು ಎಂದು ನನಗೆ ಎಷ್ಟು ಸಿಟ್ಟು ಬಂತೆಂದರೆ, ತೆರೆ ಹಿಡಿದಲ್ಲಿಂದಲೇ, “ಎಲವೋ ಭೀಮ, ನನ್ನ ಸಭೆಗೆ ಬಂದು ನನ್ನನ್ನೇ ಕೇಳುವಷ್ಟು ದೊಡ್ಡವನಾದೆಯಾ?” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ, ಅವನ ಹುಟ್ಟು, ಊಟ, ಬುದ್ಧಿ ಎಲ್ಲ ಜಾಲಾಡಿದೆ. ಭೀಮ ಗದೆ ಕೆಳಗಿಟ್ಟ. ಚಂದು ಮಾತ್ರ, “ಹ್ವಾಯ್, ಇದ್ಕೆ ಬಾಯಿತ್ತ್ ಮಾರಾಯಾ” ಎಂದ. ಮಾಷ್ಟ್ರು ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಮಧ್ಯಾಹ್ನದ ಹಾಜರಿಯಲ್ಲಿ ನನ್ನ ಹೆಸರು ಕರೆದರು. ನಾನು ಕೈ ಎತ್ತಿದೆ. ನೋಡದವರ ಹಾಗೆ ಇನ್ನೊಮ್ಮೆ ಕರೆದರು. “ಬಂದಿದ್ದೆ” ಎಂದೆ. ಅವರು ಮುಂದಿನ ಹೆಸರಿಗೆ ಹೋದರು.

ಏಳನೆಯವರೆಗೆ ಓದಿದೆ, ಬಿಜೂರಿಗೆ ಮದುವೆಯಾಗಿ ಬಂದೆ, ಇಲ್ಲಿಯ ಹೆಂಗಸರಿಗೆ ಸಂಜೆ ಪುರಾಣ ಓದಿ ಹೇಳುವವಳಾದೆ. ಈಗ ಎಷ್ಟು ಮಾತಾಡುತ್ತೇನೆಂದರೆ ಸೊಸೆ ನವ್ಯಾ ನಮ್ಮ ಮನೆಗೆ ರೇಡಿಯೋ ಬೇಡ ಎನ್ನುತ್ತಾಳೆ. ಶಾಲೆಯ ದಿನ ನೆನೆದರೆ ನನಗೆ ಈಗ ದುಃಖವಿಲ್ಲ. ಆದರೆ ಅಮ್ಮ ಆ ಹರಕೆಯನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳಲ್ಲ, ಅದನ್ನು ನೆನೆದಾಗ ಎದೆ ತುಂಬಿ ಬರುತ್ತದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ತೀರದ ಹರಕೆಯನ್ನು ಆಡಿಕೊಂಡರೆ ನನ್ನ ಬಾಯಿ ಮತ್ತೆ ಕಟ್ಟೀತೆಂದು ಹೆದರಿಕೆಯಂತೆ. ನೀನು ಹೋಟೆಲ್ ಹಾಕಿದ ಮೇಲೆಯೇ ಅವಳಿಗೆ ಆಟ ಆಡಿಸುವ ತಾಕತ್ತು ಬಂದದ್ದು. ಹಾಗಾಗಿ ನಾವೆಲ್ಲ ಅದು ನಿನ್ನ ಹರಕೆಯೆಂದೇ ತಿಳಿದೆವು. ನಿನಗೆ ಬೇಸರವಾಗಬಾರದು. ನಿನ್ನ ಹೋಟೆಲಿಗೆ ಅಮ್ಮ ದಿನಾ ದೀಪ ಹಚ್ಚುವಾಗ ಬೇರೆಯೇ ಬೇಡಿಕೊಳ್ಳುತ್ತಾಳೆ, ನಾನೇ ಕೇಳಿದ್ದೇನೆ.

ಈಗ ತೊಡಕು ಹೇಳುತ್ತೇನೆ. ಹರಕೆ ಯಾರದೋ ಅವರೇ ಚೌಕಿಯಲ್ಲಿ, ವೇಷ ಕಟ್ಟುವ ಜಾಗದಲ್ಲಿ, ಗಣಪತಿ ಪೂಜೆಯ ಹೊತ್ತಿಗೆ ಮುಂದೆ ನಿಂತು ಪ್ರಸಾದ ತೆಗೆದುಕೊಳ್ಳಬೇಕೆಂದು ಅಮ್ಮನ ಮಾತು. ಮೊನ್ನೆ ಚಪ್ಪರದ ವಿಚಾರಕ್ಕೆ ಗುಲ್ವಾಡಿಯಿಂದ ಚಿಕ್ಕಪ್ಪ ಬಂದಿದ್ದರು. ಸಂಗತಿ ಅವರಿಗೂ ಹೇಳಿದೆವು. ಅವರು ಕೆಟ್ಟವರಲ್ಲ, ಅಪ್ಪಯ್ಯ ಹೋದ ಮೇಲೆ ನಮ್ಮ ಗದ್ದೆ ಉತ್ತವರು ಅವರೇ. ಆದರೂ ಹಣೆಗೆ ಕುಂಕುಮವಿಲ್ಲದವಳು ಅಷ್ಟು ಜನರ ಎದುರು ಶುಭಕಾರ್ಯಕ್ಕೆ ಮುಂದೆ ನಿಂತರೆ ನಾಲ್ಕು ಮಂದಿ ಏನೆಂದಾರು, ಪ್ರಸಾದ ಶೀನ ಮತ್ತು ಅವನ ಹೆಂಡತಿ ವಿನಯಾ ತೆಗೆದುಕೊಳ್ಳಲಿ ಎಂದರು. “ಜಲಜ ಹಿಂದ್ ನಿಂತ್ರೂ ದೇವ್ರಿಗ್ ಕಾಣತ್ತಲೆ” ಎಂದು ನನ್ನ ಕಡೆ ನೋಡದೆ ಹೇಳಿದರು. ಅಮ್ಮನಿಗೆ ಅದು ಕೇಳಿಸಿತು. “ನಾನ್ ಹರಕೆ ಹೇಳ್ಕಂಬ ಹೊತ್ತಿಗೆ ನನ್ ಹಣೆಯೂ ಬರೀದೇ ಅಲ್ದಾ? ದೇವ್ರಿಗೆ ಕೇಳ್ಲಿಲ್ಯಾ?” ಎಂದಳು. ಚಿಕ್ಕಪ್ಪ ಚಾ ಕುಡಿದು ಲೋಟ ಕೆಳಗಿಟ್ಟು, ಶೀನ ಏನು ಹೇಳುತ್ತಾನೋ ನೋಡುವ ಎಂದು ಎದ್ದು ಹೋದರು. ಹಾಗಾಗಿ ಈಗ ಮಾತು ನಿನ್ನ ಮೇಲೆ ಬಂದಿದೆ. ನೀನು ಮನೆಯ ಗಂಡುಮಗ, ಆಟ ಆಡಿಸುವವನೂ ನೀನೇ. ನನ್ನಿಂದಾಗಿ ನಿನಗೂ ಚಿಕ್ಕಪ್ಪನಿಗೂ ಮಾತು ಬೆಳೆಯುವುದು ಬೇಡ. ನೀನು ಹೇಳಿದ ಹಾಗೆ ಆಗಲಿ.

ಹೇಳಿಕೆ ಕಾಗದವನ್ನು ಈಗಲೇ ಪ್ರೆಸ್ಸಿಗೆ ಕೊಡಬೇಡ. ಬರುವಾಗ ಅಮ್ಮನಿಗೆ ಮೊಣಕಾಲಿಗೆ ಹಚ್ಚುವ ಆ ಹಸಿರು ಬಾಟ್ಲಿಯ ಎಣ್ಣೆ ತಾ. ವಿನಯಾಳಿಗೆ ಕೇಳಿದೆನೆಂದು ಹೇಳು, ಪ್ರೇಕ್ಷಾಳ ತಲೆ ಸವರು. ದೇವರು ನಿಮ್ಮನ್ನು ತಂಪಾಗಿ ಇಟ್ಟಿರಲಿ.

ಇಂತಿ ನಿನ್ನ ಅಕ್ಕ,
ಜಲಜ

ತಾ.ಕ.: ಕವರು ಅಂಟಿಸುವ ಮೊದಲು ಅಮ್ಮನಿಗೆ ಕಾಗದ ಓದಿ ಹೇಳಿದೆ. “ನೀನು ಹೇಳಿದ ಹಾಗೆ ಆಗಲಿ” ಎಂದು ಯಾಕೆ ಬರೆದೆ ಎಂದು ಕೇಳಿದಳು. ಆ ಸಾಲನ್ನು ಬಿಟ್ಟುಬಿಡು ಶೀನ. ಪ್ರಸಾದಕ್ಕೆ ನಾನೇ ಮುಂದೆ ನಿಲ್ಲುತ್ತೇನೆ. ಚಿಕ್ಕಪ್ಪನಿಗೂ ನಾನೇ ಹೋಗಿ ಹೇಳುತ್ತೇನೆ, ಆ ಭಾರ ನಿನಗೆ ಬೇಡ. ನೀನು ನನ್ನ ಪಕ್ಕದಲ್ಲಿ ನಿಲ್ಲುತ್ತೀಯಾ? ಅಷ್ಟು ಮಾತ್ರ ತಿಳಿಸು. ಮುಂಬಯಿಯಲ್ಲಿ ಕೆಲಸಕ್ಕಿರುವ ನಮ್ಮೂರಿನ ಲೀಲಾಧರ ಭಾನುವಾರ ಅಲ್ಲಿಂದ ಬಸ್ಸು ಹತ್ತುತ್ತಾನಂತೆ. ಅವನು ಹೋಟೆಲಿಗೆ ಬಂದು ನಿನ್ನ ಉತ್ತರ ತೆಗೆದುಕೊಂಡು ಬರಲಿ, ಮರೆಯದ ಹಾಗೆ ನೀನೇ ಅವನಿಗೆ ಹೇಳಿಡು.