ಹುಲಿಯ ಹಾಗೆ ಅನ್ನುವಷ್ಟರಲ್ಲಿ

ಶುಕ್ರವಾರ, ೧೦ ಜನವರಿ ೨೦೦೩

ಜುಮಾ ಮುಗಿಸಿ ಅಂಗಡಿಗೆ. ಇವತ್ತೂ ಚಪ್ಪಲಿ ತೋರಿಸುತ್ತಾ ಕಾಮೆಂಟರಿ ಹೊಡೆದೆ. “ಎಂಟು ನಂಬರಿನ ಪಾದ... ಏಳು ನಂಬರಿನ ಚಪ್ಪಲಿಯೊಳಗೆ ನುಗ್ಗುವ ಪ್ರಯತ್ನ!” ಗಿರಾಕಿ ನಕ್ಕರು, ಕೊಳ್ಳಲಿಲ್ಲ. ಭಾವ ಗುರಾಯಿಸಿದರು. ಅಂಗಡಿ ಅವರದು, ಬಾಯಿ ನನ್ನದು.

ಸಂಜೆ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಶೇಷಪ್ಪ ಮಾಸ್ಟ್ರು ಸಿಕ್ಕಿದರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಈ ಕಡೆ ಎಲ್ಲಿ ಕಬಡ್ಡಿ ಪಂದ್ಯಾಟವಾದರೂ ಮೈಕ್ ಅವರ ಕೈಯಲ್ಲೇ. ಈಗ ಗಂಟಲು ಕೈಕೊಡುತ್ತಿದೆಯಂತೆ, ಜತೆಗೊಬ್ಬ ಬೇಕಂತೆ. ಹಿಂದೆಮುಂದೆ ನೋಡದೆ ಕೇಳಿಯೇ ಬಿಟ್ಟೆ — ನಾನು ಆಗಬಹುದಾ ಸರ್?

“ಸ್ವರ ಉಂಟು ನಿನಗೆ. ಅಲಂಕಾರ ಉಂಟಾ?” ಅಂದರು. “ಮೊದಲು ಅದನ್ನು ಸರಿಯಾಗಿ ಕಲಿ. ಶಿರ್ತಾಡಿಯಲ್ಲಿ ಒಂದು ಮ್ಯಾಚ್ ಕೊಡ್ತೇನೆ. ಪಾಸಾದರೆ ಮೂಡಬಿದಿರೆಯಲ್ಲಿ ನನ್ನ ಪಕ್ಕ ಕೂರುವಿಯಂತೆ.”

ಮೂಡಬಿದಿರೆ! ಅಷ್ಟು ದೊಡ್ಡ ಪಂದ್ಯಾಟ! ಇಲ್ಲಿ ಯಾರೂ ಓದುವುದಿಲ್ಲ, ಬರೆದೇ ಬಿಡುತ್ತೇನೆ — ನನಗೆ ಬದುಕಿನಲ್ಲಿ ಬೇಕಾದದ್ದು ಆ ಮೈಕ್ ಒಂದೇ. ಫರಂಗಿಪೇಟೆವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿ ಇತ್ತು.

ಸೋಮವಾರ, ೧೩ ಜನವರಿ

ತಂಗಿ ರಿಫಾ ಹತ್ತನೇ ಕ್ಲಾಸು. ಅವಳ ವ್ಯಾಕರಣ ಪುಸ್ತಕ ಈಗ ನನ್ನ ದಿಂಬಿನಡಿ. ಅವಳಿಗೆ ಸಿಟ್ಟು.

ಉಪಮೆಗೆ ನಾಲ್ಕು ಅಂಗ. ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿದ್ದೆ, ಒಂದಕ್ಷರ ತಲೆಗೆ ಹೋಗಿರಲಿಲ್ಲ. ಈಗ ಕಬಡ್ಡಿಯವನನ್ನು ನಿಲ್ಲಿಸಿ ನೋಡಿದರೆ ಎಲ್ಲ ಸಲೀಸು! ಆಟಗಾರ — ಉಪಮೇಯ. ಹುಲಿ — ಉಪಮಾನ. ನುಗ್ಗುವುದು — ಸಮಾನಧರ್ಮ. ಎರಡನ್ನೂ ಕಟ್ಟುವ “ಹಾಗೆ” — ವಾಚಕ ಪದ. ಇಷ್ಟೇ! ಇದಕ್ಕೆ ಆಗ ಅಷ್ಟು ಹೆದರಿದೆನಲ್ಲ.

ಉತ್ಪ್ರೇಕ್ಷೆ ಅಂದರೆ ಬಡಾಯಿ ಅಂದುಕೊಂಡಿದ್ದೆ. ಅಲ್ಲವಂತೆ. ಒಂದನ್ನು ಇನ್ನೊಂದೆಂದು ಕಲ್ಪಿಸಿಕೊಳ್ಳುವುದಂತೆ. ಬಡಾಯಿಗೆ ಬೇರೆ ಹೆಸರು, ಅತಿಶಯೋಕ್ತಿ.

“ಅದನ್ನು ನೀನು ಕಲಿಯಬೇಕಂತ ಇಲ್ಲ ಮಾರಾಯ,” ಅಂದಳು ರಿಫಾ.

ಆದಿತ್ಯವಾರ, ೧೯ ಜನವರಿ, ಸಂಜೆ

ಶಿರ್ತಾಡಿಯಿಂದ ಬಂದೆ. ಮುಖ ತೊಳೆದರೂ ಬಿಸಿ ಇಳಿಯಲಿಲ್ಲ.

ಉಜ್ವಲ್ ಅಂತ ಒಬ್ಬ ರೈಡರ್. ಉದ್ದ ಕಾಲು, ಊರಿಗೆಲ್ಲ ಅಚ್ಚುಮೆಚ್ಚು. ಅವನು ಗೆರೆ ದಾಟಿದ್ದೇ ತಡ, ಮನೆಯಲ್ಲಿ ಕಟ್ಟಿಕೊಂಡು ಹೋದ ವಾಕ್ಯ ಬಿಟ್ಟೆ. “ದಟ್ಟವಾದ ಕಾನನದ ನಡುವೆ, ಹಲವು ದಿನಗಳ ಹಸಿವಿನಿಂದ ಬಳಲಿ, ಜಿಂಕೆಗಳ ಹಿಂಡನ್ನು ಕಂಡೊಡನೆ ಘರ್ಜಿಸುತ್ತಾ ನೆಗೆಯುವ ಹೆಬ್ಬುಲಿಯ ಹಾಗೆ... ನುಗ್ಗುತ್ತಿದ್ದಾರೆ ಉಜ್ವಲ್!”

ಉಜ್ವಲ್ ಆಗಲೇ ಔಟಾಗಿ ಹೊರಗೆ ಕೂತು ನೀರು ಕುಡಿಯುತ್ತಿದ್ದ.

ಇಡೀ ಮೈದಾನ ನಕ್ಕಿತು. ಅಂಪಾಯರೂ ನಕ್ಕರು. ಮಾಸ್ಟ್ರು ಮೆಲ್ಲನೆ ಮೈಕ್ ತೆಗೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಚಾ ಕುಡಿಯುವಾಗ ಮಾತ್ರ ಹೇಳಿದರು, “ನಿನ್ನ ಹುಲಿ ಕಾಡಿನಿಂದ ಹೊರಡುವಾಗ ಇಲ್ಲಿ ರೈಡ್ ಮುಗಿದಿತ್ತು. ಮೂಡಬಿದಿರೆಯದ್ದು... ಮತ್ತೆ ನೋಡುವ.”

ಮತ್ತೆ ನೋಡುವ ಅಂದರೆ ಇಲ್ಲ ಅಂತ. ನನಗೆ ಅಷ್ಟು ಗೊತ್ತಾಗುತ್ತದೆ.

ಸೋಮವಾರ, ೩ ಫೆಬ್ರವರಿ

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ಅಂಗಡಿಯಲ್ಲೂ ಬಾಯಿ ಬಂದ್. ಜ್ವರ ಉಂಟಾ ಅಂತ ಭಾವನೇ ಕೇಳಿದರು.

ಇವತ್ತು ಸಿಕ್ಕಿತು! ಸಿಕ್ಕಿತು!!

ಬೆಳಿಗ್ಗೆ ಕೈತಪ್ಪಿ ಚಾ ಚೆಲ್ಲಿದೆ, ಉಮ್ಮ ಆಗಷ್ಟೇ ಒರೆಸಿದ ನೆಲಕ್ಕೆ. “ಕತ್ತೆ!” ಅಂದರು ಉಮ್ಮ. ಅಷ್ಟೇ. ಕತ್ತೆಯ ಹಾಗೆ ಅನ್ನಲಿಲ್ಲ. ಸಿಟ್ಟು ಬಂದವರಿಗೆ “ಹಾಗೆ” ಅನ್ನಲು ಪುರುಸೊತ್ತೆಲ್ಲಿ? ನಾನೇ ಕತ್ತೆ, ಕತ್ತೆಯೇ ನಾನು. ಇದೇ ಅಲ್ಲವಾ ರೂಪಕ! ಬೈಸಿಕೊಂಡು ಕುಣಿದದ್ದು ನೋಡಿ ಉಮ್ಮನಿಗೆ ಗಾಬರಿ.

ಓಡಿಹೋಗಿ ಕಾಯಿನ್ ಬೂತಿನಿಂದ ಮಾಸ್ಟ್ರಿಗೆ ಫೋನ್. “ಸರ್, ರೈಡ್ ನಡೆಯುವಾಗ ರೂಪಕ! ಔಟಾದವ ಮೈ ಕೊಡವಿಕೊಂಡು ಹೊರಗೆ ಹೋಗುವಾಗ ಉಪಮೆ. ಟೈಮ್‌ಔಟಿನಲ್ಲಿ ಬೇಕಾದಷ್ಟು ಉತ್ಪ್ರೇಕ್ಷೆ. ಹೊತ್ತು ನೋಡಿಕೊಂಡು ಅಲಂಕಾರ ಸರ್!”

ಬೂತಿಗೆ ಇನ್ನೊಂದು ರೂಪಾಯಿ ಹಾಕಿದೆ.

“ಯಾರು ಹೇಳಿಕೊಟ್ಟದ್ದು?” ಅಂದರು ಮಾಸ್ಟ್ರು.

“ಉಮ್ಮ, ಸರ್.”

“ಆದಿತ್ಯವಾರ ಮೂಡಬಿದಿರೆಗೆ ಬಾ. ಒಂದು ರೈಡ್ ಕೊಡ್ತೇನೆ. ಒಂದೇ.”

ಆದಿತ್ಯವಾರ, ೯ ಫೆಬ್ರವರಿ, ಮೂಡಬಿದಿರೆ, ಊಟದ ಬಿಡುವು

ಈಗಲೇ ಬರೆಯಬೇಕು. ಬಕ್ರೀದ್ ರಶ್ಶಿನಲ್ಲೂ ಭಾವ ರಜೆ ಕೊಟ್ಟರು. ಪುಣ್ಯಾತ್ಮ.

ಬೆಳಿಗ್ಗೆ ಮಾಸ್ಟ್ರು ಮೈಕ್ ಕೊಟ್ಟದ್ದು ಯಾರ ರೈಡಿಗೆ? ಅದೇ ಉಜ್ವಲ್! ಅವನು ನನ್ನನ್ನು ನೋಡಿ ನಕ್ಕ. ಗೆರೆ ದಾಟಿದ. “ಉಜ್ವಲ್ — ಎಕ್ಸ್‌ಪ್ರೆಸ್ ಬಸ್! ಸ್ಟಾಪ್ ಇಲ್ಲ! ಒಂದು ಟಿಕೆಟ್... ಎರಡು ಟಿಕೆಟ್... ರೈಟ್ ಪೋಯಿ!” ಅಂದೆ, ಥೇಟ್ ನಮ್ಮ ಬಸ್ ಕಂಡಕ್ಟರ್. ಇಬ್ಬರನ್ನು ಮುಟ್ಟಿ ಮರಳಿದ! ಜನ ಎದ್ದು ನಿಂತು ಸಿಳ್ಳೆ ಹಾಕಿದರು. ನನ್ನ ಮಾತು ಮತ್ತು ಅವನ ಕಾಲು ಒಟ್ಟಿಗೇ ಗೆರೆಗೆ ಬಂದವು. ಇಂಥ ಖುಷಿ ನಾನು ಕಂಡೇ ಇರಲಿಲ್ಲ. ಮಾಸ್ಟ್ರು ಮಾತ್ರ ಮೈಕ್ ವಾಪಸ್ ತೆಗೆದುಕೊಂಡರು.

ಬಿಡುವು ಮುಗಿಯುತ್ತಾ ಬಂತು, ಸೆಮಿಫೈನಲ್‌ಗೆ ಮುಂಚೆ ಮೈಕಿನಲ್ಲಿ ಅವರೇ. ಬಂದ ಅತಿಥಿಗಳಿಗೆಲ್ಲ ಒಂದೊಂದು ಉಪಮೆ ಹಂಚುತ್ತಿದ್ದಾರೆ, ಒಬ್ಬರು ಕಲ್ಪವೃಕ್ಷದ ಹಾಗೆ, ಇನ್ನೊಬ್ಬರು ಹುಣ್ಣಿಮೆಯ ಚಂದ್ರನ ಹಾಗೆ. ಅರೆ... ನನ್ನ ಹೆಸರು!

“ಈ ಪಂದ್ಯದ ವೀಕ್ಷಕ ವಿವರಣೆ ಪೂರ್ತಿ ಫರಂಗಿಪೇಟೆಯ ನಿಝಾಮುದ್ದೀನ್ ಅವರದ್ದು. ಯಾರ ಹಾಗೆ ಮಾತಾಡ್ತಾರೆ ಅಂತ ಕೇಳ್ತೀರಾ? ನಿಝಾಮುದ್ದೀನ್ ಮಾತಾಡುವುದು ನಿಝಾಮುದ್ದೀನ್ ಹಾಗೆ!”

ಅಕ್ಷರ ಮಸುಕಾಗುತ್ತಿದೆ. ಉಪಮೇಯ ನಾನು. ಉಪಮಾನವೂ ನಾನೇ. ಇದು ಯಾವ ಅಲಂಕಾರ? ಓದಿದ ಪಾಠದಲ್ಲಿ ಇರಲಿಲ್ಲ. ಮಾಸ್ಟ್ರಲ್ಲಿ ಕೇಳಬೇಕು. ಕೈಬೀಸಿ ಕರೆಯುತ್ತಿದ್ದಾರೆ, ತಂಡಗಳು ಅಂಗಣಕ್ಕೆ ಇಳಿದಾಯಿತು, ಮೈಕ್ ನನ್ನ ಕಡೆಗೆ ಚಾಚಿ —