ಕಲ್ಲವ್ವನಿಗೆ ಎರೆದ ದಿನ

೩ ಆಗಸ್ಟ್ ೧೯೮೪, ಶುಕ್ರವಾರ. ಅತನೂರ

ಇದನ್ನು ಇಲ್ಲಿಯೂ ಬರೆಯದೇ ಬಿಡುವವಳಿದ್ದೆ — ಹದಿನೆಂಟು ವರ್ಷದಿಂದ ಇತಿಹಾಸ ಕಲಿಸುತ್ತಿರುವ ನನಗೆ ಹಳೆಯ ಕನ್ನಡ ಲಿಪಿ ಓದಲು ಬರುವುದಿಲ್ಲ. ಕಾನ್ವೆಂಟಿನಲ್ಲಿ ಚಾಲುಕ್ಯರನ್ನೂ ಇಂಗ್ಲಿಷಿನಲ್ಲೇ ಓದಿದ್ದು.

ಒಂಬತ್ತನೇ ಕ್ಲಾಸಿಗೆ ಶಾಸನಗಳ ಪಾಠ. ಗುರಮ್ಮ ಎದ್ದಳು. "ನಮ್ಮ ಹೊಲದಾಗಿನ ಕಲ್ಲವ್ವನ ಮ್ಯಾಲೂ ಅಕ್ಷರ ಅದಾವ್ರಿ ಬಾಯಾರ. ಸೋಮವಾರ ನಮ್ಮಪ್ಪ ಸಿಮೆಂಟ್ ಗುಡಿ ಕಟ್ಟಸ್ತಾನ. ಅರ್ಧ ಮುಚ್ಚಿ ಹೋಗ್ತಾವ್ರಿ."

೪ ಆಗಸ್ಟ್, ಸಂಜೆ

ಕಲ್ಲವ್ವನನ್ನು ನೋಡಿ ಬಂದೆ — ಆ ಮನೆಯವರು ದೇವಿಯೆಂದು ಪೂಜಿಸುವ ನಿಂತ ಕಲ್ಲು. ಅಕ್ಷರ ಎಲ್ಲಿ? ಎಣ್ಣೆ, ಕುಂಕುಮ — ಬೆರಳು ದಪ್ಪದ ಕರಿ ಪದರ. ಒದ್ದೆ ಕಾಗದ ಒತ್ತಿ ಅಚ್ಚು ತೆಗೆಯಬೇಕಾದರೆ ಅದೆಲ್ಲ ಹೋಗಬೇಕು.

ಗುರಮ್ಮನ ತಂದೆ ಚಂದ್ರಾಮಪ್ಪ ಕೈಮುಗಿದರು. "ದೇವರ ಮೈ ಕೆರಿಯೋದು ಬ್ಯಾಡ್ರಿ. ಊರಾಗ ಏನರ ಆದ್ರ ನನ್ನ ಹೆಸರಿಗೇ ಬರತದ."

ತಪ್ಪೆನ್ನಲಾಗಲಿಲ್ಲ. ಇನ್ನೊಬ್ಬರ ದೇವರನ್ನು ಕೆರೆದು ನಾನು ಕಲಿಸುವುದಾದರೂ ಏನು? ಹೊರಟೆ.

ಅವರ ತಾಯಿ ಗೌರಾಬಾಯಿ ಕಟ್ಟೆಯ ಮೇಲಿಂದ ಮಗನನ್ನು ಕೇಳಿದರು. "ಎಂದರ ಅಕಿಗಿ ತಲಿ ಮ್ಯಾಲ ನೀರ ಎರದೀಯೇನಲೇ? ಬರೇ ಎಣ್ಣಿ ಹಚ್ಚಾಕತ್ತೇವಿ. ನಿನ್ನ ಹಂಗ ಬಿಟ್ಟಿದ್ರ ಇಷ್ಟೊತ್ತಿಗಿ ಇರಿವಿ ಹೊತಗೊಂಡು ಹೋಗ್ತಿದ್ವು." ನನ್ನ ಕಡೆ ತಿರುಗಿ — "ನಾಳಿ ಹುಡುಗ್ಯಾರನ್ನ ಕರಕೊಂಡು ಬರ್ರಿ. ಸೀಗಿಕಾಯಿ ಕುಟ್ಟಿ ಇಡ್ತೇನಿ."

೫ ಆಗಸ್ಟ್, ರವಿವಾರ

ಹಂಡೆ ಬಿಸಿನೀರು, ಸೀಗೆಕಾಯಿ, ತೆಂಗಿನ ನಾರು. ಹುಡುಗಿಯರು ಸರದಿಯ ಮೇಲೆ ತಿಕ್ಕಿದರು.

"ಮೆಲ್ಲಕ ಬೇ, ಅಕಿ ಕಣ್ಣಾಗ ಹೋದೀತು," ಎಂದರು ಗೌರಾಬಾಯಿ. ಹುಡುಗಿಯರಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಚಂದ್ರಾಮಪ್ಪನೂ ಕೊಡ ಎತ್ತಿದರು.

ಕಲ್ಲಿಗೆ ಕಾಗದ ಒತ್ತಿ, ಶಾಲೆಯ ಆಫೀಸಿನ ಸ್ಟ್ಯಾಂಪ್ ಪ್ಯಾಡಿನ ಕರಿ ಮಸಿಯನ್ನೆಲ್ಲ ಬಟ್ಟೆಯುಂಡೆಯಿಂದ ತಟ್ಟಿದೆವು. ಸುಲಿದಾಗ — ಕರಿಯ ಮೇಲೆ ಬಿಳಿ ಸಾಲುಗಳು. ತುದಿಯಿಂದ ಬುಡದವರೆಗೆ.

"ಏನ್ ಬರ್ದಾರ್ರಿ?" ಗೌರಾಬಾಯಿ.

"ನನಗೆ ಓದಾಕ ಬರೂದಿಲ್ಲವ್ವ. ಮೈಸೂರಿನ ಶಾಸನ ಕಚೇರಿಗೆ ಕಳಿಸಬೇಕು."

ಮಕ್ಕಳ ಮುಂದೆಯೇ ಹೇಳಿದೆ. ಗುರಮ್ಮ ಕಾಗದದ ಒಂದು ತುದಿ ನನ್ನ ಕೈಗಿತ್ತು, ಇನ್ನೊಂದನ್ನು ತಾನು ಹಿಡಿದಳು. ಅಷ್ಟೇ.

೯ ಆಗಸ್ಟ್, ಗುರುವಾರ

ಗುಡಿಯ ಗೋಡೆಗೆ ಸಿಮೆಂಟ್ ಗಿಲಾವ್ ಬಳಿದು ಮುಗಿದಿದೆ. ಕೆಳಗಿನ ಸಾಲುಗಳು ಇನ್ನು ಈ ಕಾಗದದಲ್ಲಷ್ಟೇ. ಆದರೆ ಕಳಿಸಲು ಕೈ ಬಂದಿರಲಿಲ್ಲ. ದೇವಿಯ ಹೆಸರೇ ಇಲ್ಲ, ಯಾವುದೋ ಹೊಲದ ದಾನವಷ್ಟೇ ಎಂದು ಉತ್ತರ ಬಂದರೆ? ಆ ಮನೆಯಿಂದ ನಾನು ಕಸಿದುಕೊಂಡದ್ದು ಏನು?

ಹಾಗೆ ಉತ್ತರ ಬಂದರೆ ಏನು ಮಾಡಲಿ, ಕಳಿಸಲೋ ಬೇಡವೋ ಎಂದು ಇಂದು ಹೋಗಿ ನೇರವಾಗಿ ಕೇಳಿದೆ. ಗೌರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವರು ಓದಿದ್ದು ಓದ್ಲಿರಿ. ಮೈ ತೊಳದವರಿಗಿ ಅಕಿ ಯಾರಂತ ಗೊತ್ತದ. ಖರೇ, ಬಂದಿದ್ದು ಮುಚ್ಚಿಡಬ್ಯಾಡ್ರಿ. ಮೊದಲ ನನಗೇ ಹೇಳ್ರಿ."

ಇಷ್ಟು ದೊಡ್ಡ ಅನುಮತಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಧನ್ಯವಾದ ಎನ್ನಲು ಹೋದೆ... ಬಿಸಿ ರೊಟ್ಟಿ ಕೈಗಿಟ್ಟು ಬಾಯಿ ಮುಚ್ಚಿಸಿದರು.

ಕಾಗದ ಸುತ್ತಿ ಬಿದಿರ ಕೊಳವೆಗೆ ಹಾಕಿದ್ದೇನೆ. ಸೋಮವಾರ, ೧೩ ಆಗಸ್ಟ್, ಮೀಟಿಂಗಿಗೆ ಅಫಜಲಪುರಕ್ಕೆ ಹೋಗುವುದಿದೆ; ಅಲ್ಲಿಂದಲೇ ಮೈಸೂರಿಗೆ ರಿಜಿಸ್ಟರ್ ಪೋಸ್ಟ್ ಮಾಡುತ್ತೇನೆ.